ಸೆರಾಮಿಕ್ ಕೋಟಿಂಗ್ ಸರಿಯಾಗಿ ಕೂತಿದೆಯೇ? ನೀರು ಸುರಿಯುವ ಮೊದಲು ಟಾರ್ಚ್ ಹಿಡಿಯಿರಿ

ಕಾರಿಗೆ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಬಳಿದು ಗಟ್ಟಿಯಾಗಲು ಬಿಡುವ ತೆಳು ರಕ್ಷಣಾ ಲೇಪನ) ಮಾಡಿಸಿದವರಲ್ಲಿ ಹೆಚ್ಚಿನವರು ಬಾನೆಟ್ ಮೇಲೆ ಒಂದು ಮಗ್ ನೀರು ಸುರಿದು, ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಉರುಳಿದರೆ ತೃಪ್ತರಾಗಿ ಹಣ ಕೊಟ್ಟು ಹೊರಡುತ್ತಾರೆ. ಅಗ್ಗದ ವ್ಯಾಕ್ಸ್ ಹಚ್ಚಿದರೂ ನೀರು ಹಾಗೆಯೇ ಉರುಳುತ್ತದೆ. ಸಾಲದ್ದಕ್ಕೆ, ಹಸಿ ಕೋಟಿಂಗ್‌ಗೆ ಮೊದಲ 24 ಗಂಟೆಯಾದರೂ ನೀರು ಸೋಕಬಾರದು.

ಆದ್ದರಿಂದ ಮೊದಲ ಪರೀಕ್ಷೆ ಬೆಳಕಿನದು. ಕಾರನ್ನು ಅಂಗಡಿಯ ಒಳಗೇ, ನೆರಳಿನಲ್ಲಿ ನಿಲ್ಲಿಸಿಕೊಂಡು, ಪ್ರಖರವಾದ ಎಲ್‌ಇಡಿ ಟಾರ್ಚನ್ನು ನೇರವಾಗಿ ಅಲ್ಲ, ಬಣ್ಣದ ಮೇಲ್ಮೈಗೆ ಓರೆಯಾಗಿ ಹಿಡಿದು, ಒಂದೊಂದೇ ಭಾಗವನ್ನು ನಿಧಾನವಾಗಿ ನೋಡಬೇಕು. ಎಣ್ಣೆ ಚೆಲ್ಲಿದಂತೆ ಕಾಮನಬಿಲ್ಲಿನ ಛಾಯೆಯೋ ಸುತ್ತಲಿಗಿಂತ ಮಬ್ಬಾದ ಕಲೆಯೋ ಕಂಡರೆ, ಅಲ್ಲಿ ಹೆಚ್ಚಾದ ದ್ರಾವಣವನ್ನು ಸಕಾಲದಲ್ಲಿ ಒರೆಸಿಲ್ಲವೆಂದು ಅರ್ಥ. ಕೆಲಸಗಾರರು ಇದನ್ನು ‘ಹೈ ಸ್ಪಾಟ್’ ಎನ್ನುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅನೇಕ ಕೋಟಿಂಗ್‌ಗಳು ಬೇಗ ಬಿಗಿದುಕೊಳ್ಳುವುದರಿಂದ ಕಾರವಾರ, ಅಂಕೋಲಾ, ಕುಮಟಾ ಕಡೆ ಮಳೆಗಾಲದಲ್ಲಿ ಈ ದೋಷ ಸುಲಭವಾಗಿ ಉಂಟಾಗುತ್ತದೆ. ತೆರೆದ ಶೆಡ್ಡಿನಲ್ಲಿ ಆಷಾಢದಲ್ಲಿ ಈ ಕೆಲಸ ಮಾಡಿಸಲೇಬೇಡಿ. ಕಪ್ಪು ಕಾರಿನಲ್ಲಿ ಕಲೆ ಕೂಡಲೇ ಕಾಣುತ್ತದೆ, ಬಿಳಿಯದರಲ್ಲಿ ತಲೆಯನ್ನು ಬಗ್ಗಿಸಿ, ಕೋನ ಬದಲಿಸಿ ಹುಡುಕಬೇಕು. ಜೇಡರ ಬಲೆಯಂಥ ಸುತ್ತುಗೆರೆಗಳು ಕಂಡರೆ ದೋಷ ಕೋಟಿಂಗ್‌ನದಲ್ಲ: ಪಾಲಿಶ್ ಮಾಡದೆಯೇ ಮೇಲೆ ಬಳಿದಿದ್ದಾರೆ. ಕೋಟಿಂಗ್ ಗೆರೆಗಳನ್ನು ಅಳಿಸುವುದಿಲ್ಲ, ಒಳಗೆ ಹಿಡಿದಿಡುತ್ತದೆ.

ಬಾಗಿಲ ಹಿಡಿಕೆಯ ಹಿಂದಿನ ಗುಳಿ, ಕನ್ನಡಿಯ ಬುಡ, ಬಾಗಿಲ ಕೆಳಅಂಚುಗಳನ್ನೂ ನೋಡಿ.

ಒಂದು ವಾರ ಕಳೆದ ಮೇಲೆ ವ್ಯಾಕ್ಸ್ ಬೆರೆಯದ ಶಾಂಪೂವಿನಲ್ಲಿ ತೊಳೆದು, ಪೈಪಿನಿಂದ ಒತ್ತಡವಿಲ್ಲದೆ ನೀರು ಹರಿಸಿ. ಹನಿ ಎಷ್ಟು ದುಂಡಗಿದೆ ಎಂಬುದಕ್ಕಿಂತ ಎಲ್ಲ ಕಡೆ ಒಂದೇ ರೀತಿ ಜಾರುತ್ತದೆಯೇ ಎಂಬುದು ಮುಖ್ಯ; ಒಂದು ಪಟ್ಟಿಯಲ್ಲಿ ಮಾತ್ರ ನೀರು ಚಪ್ಪಟೆಯಾಗಿ ಹರಡಿ ನಿಂತರೆ ಅಲ್ಲಿ ಕೈ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಆಮೇಲೂ ಅನುಮಾನವಿದ್ದರೆ, ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಸಮಪ್ರಮಾಣದ ನೀರು ಬೆರೆಸಿ ಮೈಕ್ರೋಫೈಬರ್ ಬಟ್ಟೆಯಿಂದ ಒಂದು ಮೂಲೆಯನ್ನು ಒರೆಸಿ. ಗಟ್ಟಿಯಾದ ಕೋಟಿಂಗ್ ಇದಕ್ಕೆ ಜಗ್ಗದು. ಹೊಳಪು ಹೋಗಿ ಗೆರೆಗಳು ಎದ್ದು ಬಂದರೆ ನಿಮಗೆ ಬಳಿದುಕೊಟ್ಟದ್ದು ಗೆರೆಗಳನ್ನು ತಾತ್ಕಾಲಿಕವಾಗಿ ಮುಚ್ಚಿಡುವ ಎಣ್ಣೆಯಂಥ ಗ್ಲೇಜ್.

ಬಣ್ಣದ ದಪ್ಪ ಅಳೆಯುವ ಮೀಟರ್ ತೋರಿಸಿ ಕೋಟಿಂಗ್ ಇದೆ ಎಂದು ಸಾಧಿಸುವವರನ್ನು ನಂಬಬೇಡಿ. ಕಾರಿನ ಬಣ್ಣವೇ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು ಇರುತ್ತದೆ, ಅದರ ಮೇಲಿನ ಕೋಟಿಂಗ್ ಒಂದೆರಡು ಮೈಕ್ರಾನ್. ಆ ಮೀಟರಿನ ಏರಿಳಿತವೇ ಅಷ್ಟಿರುತ್ತದೆ. ಕೋಟಿಂಗ್ ಮಾರುವವರು ಹೇಳುವ ‘9ಎಚ್’ ಎಂಬುದೂ ಪೆನ್ಸಿಲಿನಿಂದ ಗೀರಿ ನೋಡುವ ಗಡಸುತನದ ಅಳತೆ ಮಾತ್ರ. ದೇವಿಮನೆ ಘಟ್ಟದಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿಗೆ ಅದು ತಡೆಯಲ್ಲ. ಹೆದ್ದಾರಿ 66ರಲ್ಲಿ ಮೀನು ಲಾರಿಗಳಿಂದ ಸೋರುವ ಉಪ್ಪುನೀರು ತಳಭಾಗದ ಕಬ್ಬಿಣಕ್ಕೆ ಸಿಡಿಯುವುದನ್ನೂ ಅದು ತಡೆಯದು. ಅದಕ್ಕೆ ಬೇರೆಯೇ ಲೇಪನ ಬೇಕು.

ಹೈ ಸ್ಪಾಟ್ ಕಂಡರೆ ಅಂದೇ ಹೇಳಿ. ಮೊದಲ ಕೆಲವು ಗಂಟೆಗಳಲ್ಲಿ ಅದೇ ದ್ರಾವಣವನ್ನು ಮತ್ತೆ ಸವರಿ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಗಟ್ಟಿಯಾದ ಮೇಲೆ ಯಂತ್ರದಿಂದ ಪಾಲಿಶ್ ಮಾಡಿ ತೆಗೆದು, ಆ ಭಾಗಕ್ಕೆ ಹೊಸದಾಗಿ ಬಳಿಯಬೇಕು. ‘ಮೇಲೊಂದು ಕೋಟ್ ಕೊಡುತ್ತೇವೆ, ಮುಚ್ಚಿಹೋಗುತ್ತದೆ’ ಎಂದರೆ ಒಪ್ಪಬೇಡಿ.