ಕೋಡ್ ಬಲ್ಲ ಪಾಲುದಾರರು ಬೇಕೇ? ತಾಂತ್ರಿಕ ಸಹಸಂಸ್ಥಾಪಕರನ್ನು ಹುಡುಕುವ ಕ್ರಮ

ಉದ್ಯಮದ ಯೋಚನೆಯಿದೆ, ಮಾರುಕಟ್ಟೆಯ ಪರಿಚಯವೂ ಇದೆ, ಆದರೆ ಅದನ್ನು ತಂತ್ರಾಂಶವಾಗಿ ಕಟ್ಟಿ ನಿಲ್ಲಿಸುವವರಿಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ಸ್ಟಾರ್ಟಪ್ ಆರಂಭಿಸಲು ಹೊರಟ ಬಹಳಷ್ಟು ಮಂದಿ ಬಂದು ನಿಲ್ಲುವುದು ಇಲ್ಲಿಯೇ. ಆಗ ಅವರು ಕೇಳುವ ಪ್ರಶ್ನೆ ‘ಒಳ್ಳೆಯ ಎಂಜಿನಿಯರ್ ಎಲ್ಲಿ ಸಿಗುತ್ತಾರೆ’ ಎಂಬುದು. ಲಾಗೋಸ್, ನೈರೋಬಿ, ಢಾಕಾ, ಜಕಾರ್ತಾದಂಥ ನಗರಗಳಲ್ಲಿ ನುರಿತ ಪ್ರೋಗ್ರಾಮರ್‌ಗಳು ಇದ್ದೇ ಇದ್ದಾರೆ, ಹುಡುಕಿದರೆ ಸಿಗುತ್ತಾರೆ. ಸುಲಭಕ್ಕೆ ಉತ್ತರ ಸಿಗದ ಪ್ರಶ್ನೆ ಬೇರೆಯೇ ಇದೆ: ತಿಂಗಳು ತಿಂಗಳು ಕೈಗೆ ಬರುವ ಸಂಬಳವನ್ನು ಬಿಟ್ಟು ಅವರು ನಿಮ್ಮೊಡನೆ ಏಕೆ ಬರಬೇಕು? ಹುಡುಕಾಟದ ಪ್ರತಿ ಹಂತದಲ್ಲೂ ಈ ಪ್ರಶ್ನೆಗೆ ಸ್ವಲ್ಪ ಸ್ವಲ್ಪವಾಗಿ ಉತ್ತರ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಎದುರಿನವರ ಲೆಕ್ಕ ಮೊದಲು ತಿಳಿಯಿರಿ

2014ರಲ್ಲಿ ಲಾಗೋಸ್‌ನಲ್ಲಿ ಆರಂಭವಾದ ಆಂಡೆಲಾದಂಥ ಸಂಸ್ಥೆಗಳು ಆಫ್ರಿಕಾದ ಡೆವಲಪರ್‌ಗಳನ್ನು ವಿದೇಶಿ ಕಂಪನಿಗಳ ತಂಡಗಳಿಗೆ ಸೇರಿಸುವ ದಾರಿ ತೆರೆದವು. ಕೋವಿಡ್ ನಂತರ ದೂರದಿಂದಲೇ ಕೆಲಸ ಮಾಡುವುದು ರೂಢಿಗೆ ಬಂದ ಮೇಲೆ, ಊರು ಬಿಡದೆ ಡಾಲರ್ ಅಥವಾ ಯೂರೋ ಸಂಬಳ ಪಡೆಯುವ ಅವಕಾಶ ಇನ್ನೂ ಹೆಚ್ಚಿತು. ಸ್ಥಳೀಯ ಕರೆನ್ಸಿ ಕುಸಿದಾಗಲೆಲ್ಲ ಈ ಸಂಬಳದ ತೂಕ ತಾನಾಗಿಯೇ ಏರುತ್ತದೆ. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನಾಯಿರಾದ ವಿನಿಮಯ ದರದ ಮೇಲಿನ ಹಿಡಿತವನ್ನು ಸಡಿಲಿಸಿ, ಅದರ ಬೆಲೆ ತೀವ್ರವಾಗಿ ಇಳಿದಾಗ, ಡಾಲರ್ ಸಂಬಳದವರಿಗೆ ಕೂತಲ್ಲಿಯೇ ಬಡ್ತಿ ಸಿಕ್ಕಂತಾಯಿತು. ನಾಯಿರಾದಲ್ಲಿ ಸಂಬಳ ಕೊಡುವ ಕಂಪನಿಗಳಿಗೆ ಅಂಥವರು ಅಷ್ಟೇ ದುಬಾರಿಯಾದರು.

ಇದರ ಜೊತೆಗೆ ಮನೆಯ ಲೆಕ್ಕವೂ ಇದೆ. ಒಬ್ಬ ಎಂಜಿನಿಯರ್‌ನ ಸಂಬಳದ ಮೇಲೆ ತಂದೆತಾಯಿಯ ಔಷಧಿ, ತಮ್ಮ ತಂಗಿಯರ ಕಾಲೇಜು ಶುಲ್ಕ, ಮನೆ ಬಾಡಿಗೆ ಎಲ್ಲವೂ ನಿಂತಿರುವುದು ಇಂಥ ದೇಶಗಳಲ್ಲಿ ಅಪರೂಪವೇನಲ್ಲ. ಉದ್ಯಮ ಸೋತರೆ ಹಿಡಿದೆತ್ತುವ ನಿರುದ್ಯೋಗ ಭತ್ಯೆ ಹಲವೆಡೆ ಇರುವುದಿಲ್ಲ. ಷೇರುಗಳು ಮುಂದೆ ಹಣವಾಗಬೇಕಾದರೆ ಕಂಪನಿಯನ್ನು ಯಾರಾದರೂ ಕೊಳ್ಳಬೇಕು ಇಲ್ಲವೇ ಅದು ಷೇರುಪೇಟೆಗೆ ಹೋಗಬೇಕು. ಇವೆರಡೂ ವಿರಳವಾಗಿರುವ ಕಡೆ ‘ಅರ್ಧ ಪಾಲು ಕೊಡುತ್ತೇನೆ’ ಎಂಬ ಮಾತು ನಿಮಗೆ ಔದಾರ್ಯವಾಗಿ ಕಂಡರೂ ಕೇಳುವವರಿಗೆ ಬರಿಯ ಕಾಗದವಾಗಿಯೇ ಕಾಣುತ್ತದೆ. ಹಾಗೆ ಕಾಣುವುದು ಅವರ ಧೈರ್ಯಹೀನತೆಯಲ್ಲ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಹುಡುಕಾಟ ಆರಂಭಿಸುವುದು ಒಳ್ಳೆಯದು.

ನಿಜಕ್ಕೂ ಬೇಕೇ ಎಂದು ನೋಡಿ

ಎಲ್ಲ ಉದ್ಯಮಕ್ಕೂ ಮೊದಲ ದಿನದಿಂದಲೇ ತಾಂತ್ರಿಕ ಸಹಸಂಸ್ಥಾಪಕರು ಬೇಕಾಗುವುದಿಲ್ಲ. ಹಣಪಾವತಿ, ಸಾಲದ ಅರ್ಹತೆಯ ಅಂದಾಜು, ದತ್ತಾಂಶ ವಿಶ್ಲೇಷಣೆ ಮುಂತಾದವುಗಳಲ್ಲಿ ತಂತ್ರಾಂಶವೇ ಸರಕು; ಅಲ್ಲಿ ಅದನ್ನು ಬಲ್ಲವರು ಮಾಲೀಕರ ಸಾಲಿನಲ್ಲಿ ಇರಲೇಬೇಕು. ಸರಕು ಸಾಗಣೆ, ಸಗಟು ವ್ಯಾಪಾರ, ತರಬೇತಿ ಇಂಥ ಉದ್ಯಮಗಳಲ್ಲಿ ತಂತ್ರಾಂಶ ಸಹಾಯಕ ಮಾತ್ರ. ವಾಟ್ಸ್‌ಆ್ಯಪ್, ಒಂದು ಸ್ಪ್ರೆಡ್‌ಶೀಟ್, ಒಂದು ಆನ್‌ಲೈನ್ ಫಾರ್ಮ್ ಇಟ್ಟುಕೊಂಡು ಬಹಳ ದೂರ ಹೋಗಬಹುದು. ಮೊದಲ ಆವೃತ್ತಿಯನ್ನು ಹೊರಗಿನ ತಂತ್ರಾಂಶ ಕಂಪನಿಗೆ ಗುತ್ತಿಗೆ ಕೊಡುವುದು ಮಧ್ಯದ ದಾರಿಯಂತೆ ಕಾಣುತ್ತದೆ. ಆದರೆ ಬಳಕೆದಾರರ ಮಾತು ಕೇಳಿ ವಾರಕ್ಕೊಮ್ಮೆ ಬದಲಾಗಬೇಕಾದ ವಸ್ತುವಿಗೆ, ಪ್ರತಿ ಬದಲಾವಣೆಗೂ ಬಿಲ್ ಕಳಿಸುವ ವ್ಯವಸ್ಥೆ ಹೊಂದುವುದಿಲ್ಲ.

ಬರಿಗೈಯಲ್ಲಿ ಹೋಗಬೇಡಿ

ಎಂಜಿನಿಯರ್‌ಗಳ ಬಳಿ ‘ನನ್ನ ಹತ್ತಿರ ಐಡಿಯಾ ಇದೆ, ನೀವು ಆ್ಯಪ್ ಮಾಡಿಕೊಡಿ’ ಎಂದು ಬರುವವರಿಗೆ ಲೆಕ್ಕವಿಲ್ಲ. ಅವರಿಂದ ನಿಮ್ಮನ್ನು ಬೇರೆ ಮಾಡಿ ತೋರಿಸುವುದು ಕೋಡ್ ಇಲ್ಲದೆ ನೀವು ಎಷ್ಟು ದೂರ ಬಂದಿದ್ದೀರಿ ಎಂಬುದು. ಚಿಕ್ಕ ಔಷಧಿ ಅಂಗಡಿಗಳಿಗೆ ಸಗಟು ವ್ಯಾಪಾರಿಗಳಿಂದ ಸರಕು ತರಿಸಿಕೊಡುವ ಸೇವೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಪ್ಪತ್ತು ಅಂಗಡಿಗಳ ಆರ್ಡರ್‌ಗಳನ್ನು ಮೂರು ತಿಂಗಳು ಫೋನಿನಲ್ಲೇ ಪಡೆದು, ಸ್ಪ್ರೆಡ್‌ಶೀಟಿನಲ್ಲಿ ಬರೆದು, ಸರಕು ತಲುಪಿಸಿ, ಕಮಿಷನ್ ಪಡೆದಿದ್ದರೆ ನಿಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ: ಯಾವ ಔಷಧಿ ಪದೇ ಪದೇ ಮುಗಿಯುತ್ತದೆ, ಯಾವ ಅಂಗಡಿ ಎರಡನೆಯ ಬಾರಿ ಆರ್ಡರ್ ಕೊಟ್ಟಿತು, ಸಾಲದ ಬಾಕಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ದಿನದ ಯಾವ ಹೊತ್ತಿಗೆ ಕೈಲೆಕ್ಕ ತಪ್ಪುತ್ತದೆ. ಈ ಹಾಳೆಯನ್ನು ನೋಡಿದ ಎಂಜಿನಿಯರ್ ತನ್ನ ಕೆಲಸ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತಾನೇ ಗುರುತಿಸುತ್ತಾರೆ. ವಿನ್ಯಾಸಗಾರರಿಂದ ಮಾಡಿಸಿದ ಅಂದದ ಪರದೆಗಳ ಚಿತ್ರಗಳಿಗೆ ಈ ಶಕ್ತಿ ಇರುವುದಿಲ್ಲ. ಅವುಗಳಿಗೆ ಹಣ ಸುರಿಯುವುದನ್ನು ಸದ್ಯಕ್ಕೆ ಮುಂದೂಡಿ.

ಎಲ್ಲಿ ಹುಡುಕಬೇಕು

ಮೊದಲು ನಿಮ್ಮೊಡನೆ ಓದಿದವರು, ಕೆಲಸ ಮಾಡಿದವರು. 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಇಬ್ಬರೂ ದೆಹಲಿ ಐಐಟಿಯಲ್ಲಿ ಓದಿ ಅಮೆಜಾನ್‌ನಲ್ಲಿ ಕೆಲಸ ಮಾಡಿದವರು. 2020ರಲ್ಲಿ ಹಣಪಾವತಿ ಕಂಪನಿ ಸ್ಟ್ರೈಪ್ ಕೊಂಡುಕೊಂಡ ನೈಜೀರಿಯಾದ ಪೇಸ್ಟ್ಯಾಕ್‌ನ ಇಬ್ಬರು ಸಂಸ್ಥಾಪಕರು ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಆದರೆ ಎರಡೂ ಉದಾಹರಣೆಗಳಲ್ಲಿ ಇಬ್ಬರೂ ತಾಂತ್ರಿಕರೇ ಆಗಿದ್ದರು ಎಂಬುದನ್ನು ಗಮನಿಸಬೇಕು. ತಾಂತ್ರಿಕರಲ್ಲದವರಿಗೆ ಹೆಚ್ಚು ಹತ್ತಿರದ ಉದಾಹರಣೆ ಬ್ರೆಜಿಲ್‌ನ ಡಿಜಿಟಲ್ ಬ್ಯಾಂಕ್ ನೂಬ್ಯಾಂಕ್. 2013ರಲ್ಲಿ ಅದನ್ನು ಆರಂಭಿಸಿದ ಡೇವಿಡ್ ವೆಲೆಜ್ ಹೂಡಿಕೆ ಕ್ಷೇತ್ರದವರು. ಬ್ಯಾಂಕಿಂಗ್ ಅನುಭವಕ್ಕೆ ಕ್ರಿಸ್ಟಿನಾ ಜುಂಕೇರಾ ಅವರನ್ನೂ ತಂತ್ರಜ್ಞಾನಕ್ಕೆ ಎಡ್ವರ್ಡ್ ವೈಬಲ್ ಅವರನ್ನೂ ಸೇರಿಸಿಕೊಂಡರು. ವೈಬಲ್ ಕಂಪ್ಯೂಟರ್ ವಿಜ್ಞಾನ ಓದಿದ್ದರೂ ನೂಬ್ಯಾಂಕ್ ಸೇರುವ ಮೊದಲು ಹೂಡಿಕೆ ಸಂಸ್ಥೆಯೊಂದರಲ್ಲಿದ್ದವರು. ಅಂದರೆ, ಈಗ ಪ್ರೋಗ್ರಾಮರ್ ಹುದ್ದೆಯಲ್ಲಿರುವವರನ್ನಷ್ಟೇ ಹುಡುಕಬೇಕೆಂದೇನೂ ಇಲ್ಲ.

ಪರಿಚಿತರ ವಲಯ ಮುಗಿದ ಮೇಲೆ ಎಲ್ಲರೂ ಹೋಗುವುದು ಸ್ಟಾರ್ಟಪ್ ಕೂಟಗಳಿಗೆ. ನೈರೋಬಿಯ ಐಹಬ್, ಲಾಗೋಸ್‌ನ ಸಿಸಿ ಹಬ್‌ನಂಥ ಕೇಂದ್ರಗಳು ಈ ಕೆಲಸಕ್ಕೆ ನೆರವಾಗುತ್ತವೆ. ಅಕ್ರಾದ ಮೆಸ್ಟ್ 2008ರಿಂದ ತಂತ್ರಾಂಶವನ್ನೂ ಉದ್ಯಮವನ್ನೂ ಒಟ್ಟಿಗೆ ಕಲಿಸಿ, ಕಲಿತವರೇ ತಂಡ ಕಟ್ಟಿಕೊಳ್ಳುವಂತೆ ಮಾಡುತ್ತಿದೆ. ಸಿಂಗಪುರದಲ್ಲಿ ಆರಂಭವಾದ ಆಂಟ್ಲರ್, ಲಂಡನ್ನಿನ ಆಂತ್ರಪ್ರೆನ್ಯೂರ್ ಫಸ್ಟ್ ಇವು ಒಬ್ಬೊಬ್ಬರನ್ನಾಗಿ ಸೇರಿಸಿಕೊಂಡು ಜೋಡಿ ಮಾಡುವ ಕಾರ್ಯಕ್ರಮಗಳು. ಹೊಸ ಸ್ಟಾರ್ಟಪ್‌ಗಳಿಗೆ ಹಣ ಮತ್ತು ಮಾರ್ಗದರ್ಶನ ನೀಡುವ ಅಮೆರಿಕದ ವೈ ಕಾಂಬಿನೇಟರ್ 2021ರಲ್ಲಿ ಆರಂಭಿಸಿದ ಸಹಸಂಸ್ಥಾಪಕರ ಜೋಡಣೆಯ ತಾಣದಲ್ಲಿ ಯಾವ ದೇಶದಲ್ಲಿದ್ದರೂ ಹೆಸರು ದಾಖಲಿಸಬಹುದು. ಆದರೆ ಸಂಜೆಯ ಕೂಟಗಳಲ್ಲಿ ಎಂಜಿನಿಯರ್‌ಗಿಂತ ಎಂಜಿನಿಯರ್ ಹುಡುಕುವವರೇ ಹೆಚ್ಚಾಗಿರುತ್ತಾರೆ. ಪ್ರೋಗ್ರಾಮಿಂಗ್ ಭಾಷೆಯೊಂದರ ಬಳಕೆದಾರರ ಸಭೆಗೋ ಗೂಗಲ್ ಡೆವಲಪರ್ ಗ್ರೂಪ್‌ನ ಸಭೆಗೋ ಹೋಗಿ, ಅಲ್ಲಿ ಯಾರು ಇತರರ ತೊಡಕನ್ನು ತಾಳ್ಮೆಯಿಂದ ಬಿಡಿಸುತ್ತಾರೆ ಎಂದು ನೋಡುವುದು ಹೆಚ್ಚು ಫಲಕಾರಿ.

ಯಾರೂ ಅಷ್ಟಾಗಿ ಕಣ್ಣು ಹಾಯಿಸದ ಇನ್ನೊಂದು ಕಡೆಯಿದೆ: ಬ್ಯಾಂಕುಗಳ ಮತ್ತು ಮೊಬೈಲ್ ಸೇವಾ ಕಂಪನಿಗಳ ತಂತ್ರಾಂಶ ವಿಭಾಗಗಳು. ಸಾಧಾರಣ ಫೋನಿನಲ್ಲಿ ಇಂಟರ್ನೆಟ್ ಇಲ್ಲದೆ, ಕೋಡ್ ಸಂಖ್ಯೆ ಒತ್ತಿದರೆ ನಡೆಯುವ ಯುಎಸ್‌ಎಸ್‌ಡಿ ಸೇವೆ, ನೆಟ್‌ವರ್ಕ್ ಅರ್ಧದಲ್ಲಿ ಕಡಿದಾಗ ಹಣ ಎರಡು ಬಾರಿ ಕಡಿತವಾಗದಂತೆ ನೋಡಿಕೊಳ್ಳುವ ವ್ಯವಸ್ಥೆ, ದಿನದ ಕೊನೆಯ ಲೆಕ್ಕದ ತಾಳೆ, ಇವುಗಳನ್ನು ವರ್ಷಗಟ್ಟಲೆ ನಿಭಾಯಿಸಿದವರು ಅಲ್ಲಿರುತ್ತಾರೆ. ಹೊಸ ಫ್ರೇಮ್‌ವರ್ಕ್‌ಗಳ ಹೆಸರು ಅವರ ಬಾಯಲ್ಲಿ ಅಷ್ಟಾಗಿ ಬರದಿರಬಹುದು. ಆದರೆ ನಿಮ್ಮ ದೇಶದ ನೆಟ್‌ವರ್ಕ್ ಹೇಗೆ ಕೈಕೊಡುತ್ತದೆ ಎಂಬುದು ಅವರಿಗೆ ಗೊತ್ತು. ನನ್ನ ಅಂದಾಜಿನಲ್ಲಿ ಆ ತಿಳಿವಳಿಕೆಗೇ ಹೆಚ್ಚು ಬೆಲೆ.

ಮೊದಲ ಪತ್ರ

ಮೊದಲ ಸಂದೇಶ ಚಿಕ್ಕದಾಗಿರಲಿ, ಅದರಲ್ಲಿ ಗುಟ್ಟು ಬೇಡ. ‘ನಾವು ಇಪ್ಪತ್ತು ಔಷಧಿ ಅಂಗಡಿಗಳಿಗೆ ಮೂರು ತಿಂಗಳಿಂದ ಕೈಲೆಕ್ಕದಲ್ಲೇ ಸರಕು ತಲುಪಿಸುತ್ತಿದ್ದೇವೆ. ಆರ್ಡರ್ ದ್ವಿಗುಣವಾದರೆ ಈ ಕ್ರಮ ನಿಲ್ಲುವುದಿಲ್ಲ. ಗಿಟ್‌ಹಬ್‌ನಲ್ಲಿ ನೀವು ಬರೆದ ದಾಸ್ತಾನು ಲೆಕ್ಕದ ಯೋಜನೆಯನ್ನು ನೋಡಿದೆ. ನಮ್ಮ ತೊಡಕು ಅದಕ್ಕೆ ಹತ್ತಿರವಿದೆ ಎನಿಸಿತು. ಅರ್ಧ ಗಂಟೆ ಬಿಡುವು ಮಾಡಿಕೊಂಡು ನಮ್ಮ ಹಾಳೆಯನ್ನು ನೋಡಿ ಅಭಿಪ್ರಾಯ ಹೇಳುವಿರಾ?’ ಇಷ್ಟು ಸಾಕು (ಗಿಟ್‌ಹಬ್ ಎಂದರೆ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ). ಪಾಲುದಾರಿಕೆಯ ಮಾತು ಇಲ್ಲಿ ಬೇಡ, ಭೇಟಿಗೆ ಮೊದಲೇ ಗೋಪ್ಯತೆಯ ಕರಾರಿಗೆ ಸಹಿ ಕೇಳುವುದಂತೂ ಬೇಡವೇ ಬೇಡ. ಅನುಭವಿ ಎಂಜಿನಿಯರ್‌ಗಳು ಅಂಥ ಕೋರಿಕೆ ಕಂಡರೆ ಉತ್ತರಿಸುವ ಗೋಜಿಗೇ ಹೋಗುವುದಿಲ್ಲ.

ಕೋಡ್ ಬಾರದವರು ಕೋಡ್ ಬಲ್ಲವರನ್ನು ಅಳೆಯುವುದು

ಇದೇ ಎಲ್ಲಕ್ಕಿಂತ ತೊಡಕಿನ ಹಂತ. ನಿಮಗೆ ತಿಳಿಯದ ವಿದ್ಯೆಯಲ್ಲಿ ಒಬ್ಬರ ಪ್ರಾವೀಣ್ಯವನ್ನು ನೀವು ನೇರವಾಗಿ ಅಳೆಯಲಾರಿರಿ. ಹಾಗಾಗಿ ಬಳಸುದಾರಿ ಹಿಡಿಯಬೇಕು. ನಿಮಗೆ ಗೊತ್ತಿರುವ, ಈ ಉದ್ಯಮದಲ್ಲಿ ಯಾವ ಆಸಕ್ತಿಯೂ ಇಲ್ಲದ ಹಿರಿಯ ಎಂಜಿನಿಯರ್ ಒಬ್ಬರನ್ನು ನೀವು ಆರಿಸಲು ಹೊರಟವರೊಡನೆ ಒಂದು ಗಂಟೆ ಮಾತನಾಡಲು ಕೇಳಿಕೊಳ್ಳಿ. ನೀವು ಸ್ವತಃ ಕೇಳಬಹುದಾದ ಪ್ರಶ್ನೆಗಳೂ ಇವೆ: ಅವರು ಕಟ್ಟಿದ ಯಾವುದಾದರೂ ವ್ಯವಸ್ಥೆ ಕೆಟ್ಟು ನಿಂತಾಗ ಏನಾಯಿತು, ಕಾರಣ ಹೇಗೆ ಪತ್ತೆಯಾಯಿತು, ಆ ಮೇಲೆ ಏನು ಬದಲಿಸಿದರು ಎಂದು ಕೇಳಿ. ಅದನ್ನು ನಿಮಗೆ ಅರ್ಥವಾಗುವಂತೆ ಹೇಳಬಲ್ಲವರು ನಾಳೆ ಗ್ರಾಹಕರಿಗೂ ಹೂಡಿಕೆದಾರರಿಗೂ ಹೇಳಬಲ್ಲರು. ಯಾವುದೂ ಯಾವತ್ತೂ ಕೆಟ್ಟಿಲ್ಲ ಎಂದರೆ ದೊಡ್ಡದನ್ನು ಅವರು ಕಟ್ಟಿರಲಿಕ್ಕಿಲ್ಲ.

ಆನಂತರ ನಾಲ್ಕರಿಂದ ಆರು ವಾರಗಳ ಜಂಟಿ ಕೆಲಸವೊಂದನ್ನು ಗೊತ್ತು ಮಾಡಿಕೊಳ್ಳಿ. ಅವರು ಇರುವ ಕೆಲಸ ಬಿಡಬೇಕಾಗಿಲ್ಲ. ಸಂಜೆ ಮತ್ತು ವಾರಾಂತ್ಯದಲ್ಲಿ ಮಾಡಿ ಮುಗಿಸುವಷ್ಟು ಚಿಕ್ಕದಾಗಿರಬೇಕು, ಆದರೆ ನಿಜವಾದ ಬಳಕೆದಾರರ ಕೈಗೆ ಹೋಗುವಂಥದ್ದಾಗಿರಬೇಕು. ಔಷಧಿ ಅಂಗಡಿಗಳ ಉದಾಹರಣೆಯಲ್ಲಿ, ಐದು ಅಂಗಡಿಗಳ ಆರ್ಡರ್‌ಗಳು ಮಾತ್ರ ಹಾಳೆಯ ಬದಲು ಒಂದು ಸರಳ ಪುಟದ ಮೂಲಕ ಬರುವಂತೆ ಮಾಡುವುದು ತಕ್ಕ ಗುರಿ. ಈ ಕೆಲಸಕ್ಕೆ ಅಲ್ಪಸ್ವಲ್ಪವಾದರೂ ಹಣ ಕೊಡಿ, ಯಾಕೆಂದರೆ ಪುಕ್ಕಟೆ ಕೆಲಸದಲ್ಲಿ ಗಡುವು ತಪ್ಪಿದಾಗ ಕೇಳುವ ಬಾಯಿ ನಿಮಗಿರುವುದಿಲ್ಲ. ಆರಂಭಿಸುವ ಮೊದಲೇ ಅವರ ಈಗಿನ ಉದ್ಯೋಗದ ಕರಾರನ್ನು ಓದಿಸಿ. ಕೆಲಸದ ಹೊತ್ತಿನ ಆಚೆ ಬರೆದ ಕೋಡ್ ಕೂಡ ತನ್ನದೇ ಎನ್ನುವ ಷರತ್ತನ್ನು ಕೆಲವು ಕಂಪನಿಗಳು ಅದರಲ್ಲಿ ಸೇರಿಸಿರುತ್ತವೆ.

ಈ ವಾರಗಳಲ್ಲಿ ಗಮನಿಸಬೇಕಾದದ್ದು ಪುಟ ಎಷ್ಟು ಚೆನ್ನಾಗಿ ಬಂತು ಎಂಬುದನ್ನಲ್ಲ. ಹೇಳಿದ ದಿನಕ್ಕೆ ಆಗದಿದ್ದರೆ ಅದನ್ನು ಮೊದಲೇ ತಿಳಿಸಿದರೇ? ಅಂಗಡಿಯವರು ಬಳಸುವುದನ್ನು ಹೋಗಿ ಕಣ್ಣಾರೆ ನೋಡಿದರೇ? ನೀವು ಕೇಳಿದ ಮೂರು ಸೌಲಭ್ಯಗಳಲ್ಲಿ ಎರಡು ಈಗ ಬೇಡ ಎಂದು ವಾದಿಸಿದರೇ? ಎಲ್ಲಕ್ಕೂ ಹೂಂ ಎನ್ನುವವರು ಒಳ್ಳೆಯ ಗುತ್ತಿಗೆದಾರರಾಗಬಹುದು. ಸಹಸಂಸ್ಥಾಪಕರಿಂದ ಬೇಕಾದದ್ದು ಬೇರೆ. ಅವರೂ ಅಷ್ಟೇ ಎಚ್ಚರದಿಂದ ನಿಮ್ಮನ್ನು ನೋಡುತ್ತಿರುತ್ತಾರೆ: ನೀವು ಹೊಸ ಅಂಗಡಿಗಳನ್ನು ತಂದಿರೋ, ಬಾಕಿ ವಸೂಲು ಮಾಡಿದಿರೋ, ಅಥವಾ ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡಿ ‘ಆಯಿತೇ’ ಎಂದಷ್ಟೇ ಕೇಳಿದಿರೋ?

ಪಾಲು ಮತ್ತು ಸಂಬಳ

ಐದು ಹತ್ತು ಶೇಕಡಾ ಪಾಲು ಕೊಟ್ಟು ಸಹಸಂಸ್ಥಾಪಕರೆಂಬ ಹೆಸರನ್ನಷ್ಟೇ ಅಂಟಿಸುವುದು ನಡೆಯುವ ಮಾತಲ್ಲ. ವೈ ಕಾಂಬಿನೇಟರ್ ಸಮಪಾಲು ಅಥವಾ ಅದಕ್ಕೆ ಹತ್ತಿರದ ಹಂಚಿಕೆಯನ್ನೇ ಸಲಹೆ ಮಾಡುತ್ತದೆ. ಮುಂದಿನ ವರ್ಷಗಳ ದುಡಿಮೆಯ ಎದುರು ಈವರೆಗಿನ ಕೆಲವು ತಿಂಗಳುಗಳು ಚಿಕ್ಕವು ಎಂಬುದು ಅದರ ಹಿಂದಿನ ತರ್ಕ. ಆ ಪಾಲು ಒಮ್ಮೆಲೇ ಕೈಗೆ ಬರದೆ ದುಡಿದಂತೆಲ್ಲ ಪಕ್ಕಾ ಆಗುವ ವೆಸ್ಟಿಂಗ್ ವ್ಯವಸ್ಥೆ ಇಬ್ಬರಿಗೂ ರಕ್ಷಣೆ. ರೂಢಿಯಲ್ಲಿರುವುದು ನಾಲ್ಕು ವರ್ಷಗಳ ಅವಧಿ, ಮೊದಲ ಒಂದು ವರ್ಷದ ಕ್ಲಿಫ್ (ಯಾವ ಪಾಲೂ ಪಕ್ಕಾ ಆಗದ ಆರಂಭದ ಅವಧಿ). ಶೇ 40ರ ಪಾಲುದಾರರು ಎಂಟನೆಯ ತಿಂಗಳಲ್ಲಿ ಬಿಟ್ಟು ಹೋದರೆ ಅವರಿಗೆ ಏನೂ ಸಿಗುವುದಿಲ್ಲ. ಒಂದು ವರ್ಷ ತುಂಬಿದಾಗ ಶೇ 10 ಪಕ್ಕಾ ಆಗುತ್ತದೆ. ಹದಿನೆಂಟು ತಿಂಗಳಿಗೆ ಹೋದರೆ ಶೇ 15 ಅವರದು. ಇದೇ ನಿಯಮ ನಿಮ್ಮ ಷೇರುಗಳಿಗೂ ಅನ್ವಯಿಸಬೇಕು, ಇಲ್ಲವಾದರೆ ಮಾತುಕತೆ ಅಲ್ಲಿಗೇ ಹಳಸುತ್ತದೆ. ಹಲವು ದೇಶಗಳ ಕಂಪನಿ ಕಾನೂನು ಕಂಪನಿಯೇ ತನ್ನ ಷೇರುಗಳನ್ನು ಮರಳಿ ಕೊಳ್ಳುವುದಕ್ಕೆ ಮಿತಿ ಹಾಕುತ್ತದೆ. ಆದ್ದರಿಂದ ವಿದೇಶಿ ನಮೂನೆಯ ಕರಾರನ್ನು ಇಳಿಸಿಕೊಂಡು ಹೆಸರು ತುಂಬಿಸುವ ಬದಲು, ಬಿಟ್ಟು ಹೋಗುವವರ ಷೇರು ಯಾರಿಗೆ, ಯಾವ ಬೆಲೆಗೆ ವರ್ಗವಾಗಬೇಕು ಎಂಬುದನ್ನು ಸ್ಥಳೀಯ ವಕೀಲರಿಂದ ಬರೆಸಿಕೊಳ್ಳಿ.

ಸಂಬಳದ ವಿಷಯದಲ್ಲಿ ಮುಚ್ಚುಮರೆ ಬೇಡ. ‘ಷೇರು ಮಾತ್ರ, ಸಂಬಳವಿಲ್ಲ’ ಎಂಬ ಕರೆಗೆ ಓಗೊಡುವವರು ಮನೆಯಲ್ಲಿ ಅನುಕೂಲವಿರುವವರು, ಇಲ್ಲವೇ ಗುಟ್ಟಾಗಿ ಇನ್ನೊಂದು ಕೆಲಸ ಇಟ್ಟುಕೊಂಡವರು. ತಿಂಗಳಿಗೆ ಮನೆ ನಡೆಯಲು ಕನಿಷ್ಠ ಎಷ್ಟು ಬೇಕು ಎಂದು ನೇರವಾಗಿ ಕೇಳಿ, ನಿಮ್ಮದನ್ನೂ ಹೇಳಿ. ಆ ಮೊತ್ತವನ್ನು ಆರು ತಿಂಗಳಾದರೂ ಕೊಡುವ ದಾರಿ ಕಮಿಷನ್‌ನಿಂದಲೋ ಅನುದಾನದಿಂದಲೋ ಕಂಡರೆ ಅವರು ಕೆಲಸ ಬಿಡುವುದಕ್ಕೆ ಅರ್ಥವಿದೆ. ಕಾಣದಿದ್ದರೆ, ಇಂಥ ಮಟ್ಟದ ಆದಾಯ ಅಥವಾ ಹೂಡಿಕೆ ಬಂದ ತಿಂಗಳಿನಿಂದ ಪೂರ್ಣಾವಧಿಗೆ ಬರುವುದೆಂದು ಬರೆದುಕೊಂಡು ಅಲ್ಲಿಯವರೆಗೆ ಅರೆಕಾಲಿಕವಾಗಿ ಮುಂದುವರಿಯುವುದು ಪ್ರಾಮಾಣಿಕವಾದ ಏರ್ಪಾಟು.

ಸಹಿ ಮಾಡುವ ಮುನ್ನ

ಹಲವು ದೇಶಗಳಲ್ಲಿ ನೌಕರರಲ್ಲದವರು ಬರೆದ ಕೋಡ್‌ನ ಹಕ್ಕುಸ್ವಾಮ್ಯ, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಬರೆದವರಲ್ಲೇ ಉಳಿಯುತ್ತದೆ. ಜಂಟಿ ಕೆಲಸದ ವಾರಗಳಲ್ಲಿ ಬರೆದದ್ದನ್ನೂ ಸೇರಿಸಿ ಎಲ್ಲವನ್ನೂ ಕಂಪನಿಗೆ ವರ್ಗಾಯಿಸುವ ಪತ್ರ ಷೇರು ಹಂಚಿಕೆಯ ದಿನವೇ ಸಹಿಯಾಗಬೇಕು. ವಿದೇಶಿ ಹೂಡಿಕೆದಾರರು ಅಮೆರಿಕದ ಡೆಲಾವೇರ್ ರಾಜ್ಯ ಅಥವಾ ಸಿಂಗಪುರದಲ್ಲಿ ನೋಂದಣಿಯಾದ ಕಂಪನಿಯನ್ನು ಕೇಳುವುದುಂಟು. ಹಾಗೆ ಕೇಳುವ ಹೂಡಿಕೆದಾರರು ಎದುರಿಗೆ ಬರುವವರೆಗೆ ಆ ವೆಚ್ಚಕ್ಕೆ ಇಳಿಯಬೇಕಾಗಿಲ್ಲ. ಡೊಮೇನ್, ಸರ್ವರ್ ಖಾತೆ, ಕೋಡ್ ಭಂಡಾರ, ಆ್ಯಪ್ ಸ್ಟೋರ್ ಖಾತೆ ಇವೆಲ್ಲ ಕಂಪನಿಯ ಇಮೇಲ್ ವಿಳಾಸದಲ್ಲಿ ತೆರೆದಿರಲಿ, ಯಾರೊಬ್ಬರ ಸ್ವಂತ ಹೆಸರಿನಲ್ಲೂ ಬೇಡ. ಪ್ರವೇಶದ ಹಕ್ಕು ಇಬ್ಬರಲ್ಲೂ ಇರಲಿ. ಎರಡು ಹಂತದ ಪರಿಶೀಲನೆಯ ಸಂದೇಶ ಒಬ್ಬರ ಫೋನಿಗೆ ಮಾತ್ರ ಬರುವಂತಿದ್ದರೆ ಅದನ್ನೂ ಅದೇ ದಿನ ಸರಿಪಡಿಸಿಕೊಳ್ಳಿ.