ಒಕ್ಕೂಟದ ರೂಪ ಬದಲಾಗುವಾಗ ಮನೆಭೇಟಿ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಹೊಸ ಸಮಿತಿ ಬಂದ ತಕ್ಷಣ ಎಲ್ಲರೂ ಮೊದಲು ಕೈಹಾಕುವುದು ಲೆಟರ್‌ಹೆಡ್‌ಗೆ. ಅದು ಕೊನೆಗಿರಲಿ.

ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಬೆಂಗಳೂರಿನ ಲಿಂಗರಾಜಪುರದ ಕಡೆ ನಮ್ಮ ಧರ್ಮಕೇಂದ್ರದ, ಅಂದರೆ ಚರ್ಚಿನ, ಸೇವಾ ಗುಂಪಿನ ಲೆಕ್ಕ ಬರೆಯುತ್ತೇನೆ. ಬಡವರ ಮನೆಗಳಿಗೆ ಹೋಗಿ ಅಕ್ಕಿ, ಔಷಧಿ ಕೊಡುವ ಗುಂಪು ಇದು. ಇಂಥ ಹಲವು ಗುಂಪುಗಳು ಸೇರಿ ಒಂದು ಒಕ್ಕೂಟ. ಹೋದ ವರ್ಷ ಒಕ್ಕೂಟದ ಎರಡು ವಲಯಗಳು ಒಂದಾದವು, ನಿರ್ದೇಶಕ ಫಾದರ್‌ಗೆ ವರ್ಗವಾಯಿತು, ಕಚೇರಿ ಬೇರೆ ಕಡೆ ಹೋಯಿತು. ನಿಮ್ಮಲ್ಲೂ ಹೀಗಾಗುತ್ತಿದ್ದರೆ ಈ ಬರಹ ನಿಮಗೆ.

ಮೊದಲು ಮನೆಗಳ ಪಟ್ಟಿ ಮಾಡಿ. ಗುಂಪುಗಳ ಪಟ್ಟಿಯಲ್ಲ, ಮನೆಗಳದ್ದು. ಒಂದು ಉದ್ದನೆಯ ನೋಟ್‌ಬುಕ್ ಸಾಕು. ಮನೆ ಎಲ್ಲಿದೆ, ಯಾರು ಹೋಗುತ್ತಾರೆ, ಏನು ಕೊಡುತ್ತೇವೆ, ಮುಂದಿನ ಸಲ ಯಾವಾಗ. ಕೊನೆಗೆ ಒಂದು ಅಗಲವಾದ ಕಾಲಂ ಬಿಡಿ, ವರದಿಯಲ್ಲಿ ಎಲ್ಲೂ ಬರೆಯದ ಸಂಗತಿಗಳಿಗೆ. ನಮ್ಮ ಒಬ್ಬ ಅಜ್ಜಿಯ ಇನ್ಸುಲಿನ್ ಇರುವುದು ಪಕ್ಕದ ಮನೆಯ ಫ್ರಿಜ್ಜಿನಲ್ಲಿ. ಮುಂಬಾಗಿಲು ತಟ್ಟಿದರೆ ಅವರು ತೆಗೆಯುವುದಿಲ್ಲ, ಹಿಂದಿನ ಗಲ್ಲಿಯಿಂದ ಹೋಗಿ ಹೆಸರು ಹಿಡಿದು ಕೂಗಬೇಕು. ಅಕ್ಕಿ ಚೀಲ ಬಾಡಿಗೆಯವರ ಕಣ್ಣಿಗೆ ಬೀಳಬಾರದು. ಇದು ಗೊತ್ತಿಲ್ಲದ ಹೊಸಬರು ಹೋದರೆ ‘ಮನೆ ಬೀಗ’ ಅಂತ ಬರೆದು ವಾಪಸ್ ಬರುತ್ತಾರೆ. ಇದು ಖಾಸಗಿ ವಿಷಯ, ಹಾಗಾಗಿ ನೋಟ್‌ಬುಕ್ಕಿನ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಆಮೇಲೆ ಜೋಡಿಗಳು. ಸಂತ ವಿನ್ಸೆಂಟ್ ದಿ ಪಾಲ್ ಸಭೆ ಅನ್ನುವ ಕಥೋಲಿಕ ಸೇವಾ ಸಂಘದವರ ಹಾಗೆ ನಾವೂ ಇಬ್ಬಿಬ್ಬರಾಗಿಯೇ ಹೋಗುತ್ತೇವೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಆ ಸಭೆ ಶುರುಮಾಡಿದಾಗ ಅವರೆಲ್ಲ ಓದುತ್ತಿದ್ದ ಹುಡುಗರು. ಬಡವರ ಮನೆಗಳಿಗೆ ದಾರಿ ತೋರಿಸಿದ್ದು ಆ ಬಡಾವಣೆಯಲ್ಲಿ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು. ಆ ಹುಡುಗರಿಗೂ ಮನೆ ಗೊತ್ತಿದ್ದವರೊಬ್ಬರು ಬೇಕಾಯಿತು, ಅಲ್ವಾ? ಅದಕ್ಕೇ ವಲಯ ಸೇರಿಸಿದ ಮೇಲೆ ಕೆಲವು ತಿಂಗಳು ಪ್ರತಿ ಜೋಡಿಯಲ್ಲೂ ಒಬ್ಬರು ಹಳಬರು, ಒಬ್ಬರು ಹೊಸಬರು ಇರಲಿ. ಎರಡು ವಲಯ ಒಂದಾದರೆ ಒಬ್ಬ ಕಾರ್ಯದರ್ಶಿಯ ಹುದ್ದೆ ಹೋಗುತ್ತದೆ. ಅವರಿಗೆ ಶಾಲು ಹೊದಿಸಿ ಕಳಿಸಿಬಿಡಬೇಡಿ. ಹೊಸಬರನ್ನು ಮನೆಮನೆಗೆ ಕರೆದೊಯ್ಯುವ ಕೆಲಸ ಕೊಡಿ. ನಮ್ಮಲ್ಲಿ ಮುನಿಸಿಕೊಂಡಿದ್ದವರೂ ಆ ಕೆಲಸಕ್ಕೆ ಒಪ್ಪಿಕೊಂಡರು.

ಯಾವ ತೀರ್ಮಾನ ಯಾರದು ಅಂತ ಬರೆದಿಡಿ. 1931ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು (ಪೋಪ್) ತಮ್ಮ ವಿಶ್ವಪತ್ರದಲ್ಲಿ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಸಿದುಕೊಳ್ಳಬಾರದು. ಆಡಿಟ್, ನೋಂದಣಿ, ತರಬೇತಿ ಕೇಂದ್ರ ಕಚೇರಿಗೆ ಬಿಡಿ. ಯಾವ ಮನೆಗೆ ಅಕ್ಕಿ, ಯಾರಿಗೆ ಮಾತ್ರೆ ಅನ್ನುವುದು ಜೋಡಿಯದ್ದೇ. ₹2,000 ತನಕ ಯಾರನ್ನೂ ಕೇಳದೆ ಖರ್ಚು ಮಾಡುವ ಅಧಿಕಾರ ಜೋಡಿಗೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಜ್ವರದ ಮಗುವಿನ ಔಷಧಿಗೆ ಈಮೇಲ್ ಕಳಿಸಿ ಕಾಯುವುದಕ್ಕಾಗುತ್ತದಾ?

ಇನ್ನು ದುಡ್ಡು. ಇಲ್ಲಿ ಸ್ವಲ್ಪ ಜಾಸ್ತಿ ಹುಷಾರಾಗಿರಿ. ಮೊದಲು ವಿದೇಶಿ ದೇಣಿಗೆ ಒಂದು ದೊಡ್ಡ ಸಂಸ್ಥೆಗೆ ಬಂದು ಅಲ್ಲಿಂದ ಸಣ್ಣ ಸಂಸ್ಥೆಗಳಿಗೆ ಹಂಚಿಕೆಯಾಗುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹಾಗೆ ವರ್ಗಾಯಿಸುವಂತಿಲ್ಲ, ಪಡೆಯುವವರ ಬಳಿ ನೋಂದಣಿ ಇದ್ದರೂ ಆಗುವುದಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿಯಿತು. ವಿದೇಶಿ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಾಗಾಗಿ ಹೊಸ ವ್ಯವಸ್ಥೆಯಲ್ಲಿ ಎರಡೇ ದಾರಿ: ಹಣ ಪಡೆದ ಸಂಸ್ಥೆಯೇ ನೇರವಾಗಿ ಖರ್ಚು ಮಾಡಬೇಕು, ಇಲ್ಲವೇ ಸ್ಥಳೀಯ ಗುಂಪು ಊರಿನ ದೇಣಿಗೆಯಲ್ಲೇ ನಡೆಯಬೇಕು. ನಾವು ಎರಡನೆಯದನ್ನು ಆರಿಸಿಕೊಂಡೆವು. ಕಡಿಮೆ ಬರುತ್ತದೆ, ಆದರೆ ಕಿರಿಕಿರಿಯಿಲ್ಲ.

ಪದಾಧಿಕಾರಿಗಳು ಬದಲಾದರೆ ಸಂಘಗಳ ನೋಂದಣಾಧಿಕಾರಿಗೆ ಹೊಸ ಪಟ್ಟಿ ಕೊಡಿ. ಎಫ್‌ಸಿಆರ್‌ಎ ಇದ್ದರೆ ಗೃಹ ಸಚಿವಾಲಯಕ್ಕೂ ಆನ್‌ಲೈನ್‌ನಲ್ಲಿ ತಿಳಿಸಿ. ಬ್ಯಾಂಕಿನ ಸಹಿ ಮಾತ್ರ ಹಳೆಯ ಫಾದರ್ ಊರು ಬಿಡುವ ಮೊದಲೇ ಬದಲಾಗಲಿ. ನಿರ್ಣಯದ ಪ್ರತಿ, ಹೊಸಬರ ಕೆವೈಸಿ, ಸಂಘದ ಸೀಲು, ಇಷ್ಟನ್ನು ಒಂದೇ ಫೈಲಿನಲ್ಲಿ ಹಿಡಿದುಕೊಂಡು ಹೋಗಿ. ‘ಸದ್ಯಕ್ಕೆ ಇರಲಿ’ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿಸಿಟ್ಟುಕೊಳ್ಳುವವರನ್ನು ಕೌಂಟರ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೇಡವೇ ಬೇಡ.

ಸರ್ಕಾರಿ ಕಚೇರಿಗಳ ವಿಷಯದಲ್ಲೂ ಗೊಂದಲವಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆ ಬಂದವು. ನಿಮ್ಮ ಹಳೆಯ ಪಟ್ಟಿಯ ವಾರ್ಡ್ ನಂಬರ್‌ಗಳನ್ನು ಮತ್ತೆ ನೋಡಿಕೊಳ್ಳಿ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಮಾತ್ರ ಮೊದಲಿನಂತೆ ನಾಡಕಚೇರಿಗೇ ಹೋಗಬೇಕು. ಅಜ್ಜಿಯರನ್ನು ಸುಮ್ನೆ ಪಾಲಿಕೆ ಕಚೇರಿಗೆ ಓಡಿಸಬೇಡಿ.

ಸಭೆ ಮಾಡುವ ರೀತಿಯನ್ನೂ ಬದಲಿಸಿ. 2021ರಿಂದ 2024ರವರೆಗೆ ನಡೆದ, ಕಥೋಲಿಕ ಧರ್ಮಸಭೆಯ ಸಮಾಲೋಚನೆಯಾದ ಸಿನೋಡ್‌ನಲ್ಲಿ ಬಳಸಿದ ಕ್ರಮ ನಮಗೆ ಹಿಡಿಸಿತು. ವೃತ್ತವಾಗಿ ಕೂರಿ. ಒಬ್ಬೊಬ್ಬರಿಗೂ ಮೂರು ನಿಮಿಷ, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಸ್ವಲ್ಪ ಹೊತ್ತು ಮೌನ. ಎರಡನೆಯ ಸುತ್ತಿನಲ್ಲಿ, ಬೇರೆಯವರ ಮಾತಿನಲ್ಲಿ ನಿಮ್ಮ ಮನಸ್ಸಿಗೆ ತಟ್ಟಿದ್ದು ಏನು ಅಂತ ಹೇಳಬೇಕು. ಆಮೇಲೇ ತೀರ್ಮಾನ. ಹೊಸ ಫಾದರ್‌ಗೂ ಮೂರೇ ನಿಮಿಷ. ಯಾವ ಸಭೆಯಲ್ಲೂ ಬಾಯಿಬಿಡದ ನಮ್ಮ ಗುಂಪಿನ, ಮನೆಗೆಲಸಕ್ಕೆ ಹೋಗುವ ಅಕ್ಕ ಒಬ್ಬರು ಹೀಗೆ ಕೂತ ದಿನವೇ ಪಡಿತರ ಹಂಚುವ ಸಮಯ ತಪ್ಪು ಅಂದರು. ಆ ಹೊತ್ತಿಗೆ ಅವರಂಥವರೆಲ್ಲ ಕೆಲಸದಲ್ಲಿರುತ್ತಾರೆ! ಈಗ ಸಂಜೆ ಹಂಚುತ್ತೇವೆ. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ನಡೆಯುವ ಧರ್ಮಕೇಂದ್ರವಾದರೆ ತೀರ್ಮಾನಗಳನ್ನು ಮೂರರಲ್ಲೂ ಓದಿ ಹೇಳಿ.

ಈ ಬದಲಾವಣೆಯನ್ನು ಸಮಯ ನೋಡಿ ಮಾಡಿ. ಈಸ್ಟರ್ ಮುಂಚಿನ ತಪಸ್ಸುಕಾಲದಲ್ಲೂ ಡಿಸೆಂಬರ್‌ನಲ್ಲೂ ಬೇಡ, ಆಗ ಕೈತುಂಬ ಕೆಲಸ. ಸೆಪ್ಟೆಂಬರ್ 8ರ ಶಿವಾಜಿನಗರದ ಮರಿಯಮ್ಮನ ಹಬ್ಬ ಹತ್ತಿರವಾದರೆ ಸ್ವಯಂಸೇವಕರು ಕೈಗೆ ಸಿಗುವುದಿಲ್ಲ. ಜುಲೈ ಒಳ್ಳೆಯದು.

ಹಳೆಯ ಕಚೇರಿಯ ಫೋನ್ ನಂಬರ್ ಕನಿಷ್ಠ ಒಂದು ವರ್ಷ ಚಾಲೂ ಇರಲಿ. ಕಷ್ಟ ಬಂದವರು ಫೋನ್ ಮಾಡುವುದು ಅದಕ್ಕೇ. ರೀಚಾರ್ಜ್ ಯಾರು ಮಾಡಿಸುತ್ತಾರೆ, ಕರೆ ಯಾರು ತೆಗೆಯುತ್ತಾರೆ ಅನ್ನುವುದನ್ನೂ ಬದಲಾವಣೆ ತೀರ್ಮಾನಿಸಿದ ಸಭೆಯ ನಡಾವಳಿಯಲ್ಲೇ ಬರೆಸಿ.