ಸಿಪ್ಪೆ ನುಣ್ಣಗಿತ್ತು

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರ ಗಂಟಲು ಕಟ್ಟಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೂಗೋ ಕಸುಬು, ದನಿ ಒಡೆಯದೆ ಇರುತ್ತಾ ಅಂತಾರೆ. ನಾನು ಇಎನ್‌ಟಿ ಡಾಕ್ಟರು. ನಾನೂ ಮೊದಲು ಹಾಗೇ ಅಂದುಕೊಂಡೆ.

ಬಂದವರಿಗೆ ಅರವತ್ತು ದಾಟಿತ್ತು. ದನಿ ಒಡೆದು ಎರಡು ವರ್ಷ. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಬೇರೆ ಕಡೆ ಆಸ್ತಮಾ ಅಂತ ಇನ್‌ಹೇಲರ್ ಕೊಟ್ಟಿದ್ದರು. "ಎಳ್ದು ಎಳ್ದು ಸಾಕಾಯ್ತು ಸಾರ್, ಒಂದಿಷ್ಟೂ ಕಮ್ಮಿ ಇಲ್ಲ" ಅಂದರು. ಸುಮ್ನೆ ಕೂತು ಉಸಿರಾಡಿ ಅಂದೆ. ಸದ್ದು ಬರುತ್ತಿದ್ದದ್ದು ಉಸಿರು ಒಳಗೆ ಎಳೆಯುವಾಗ. ಆಸ್ತಮಾದ ಸಿಳ್ಳೆ ಜಾಸ್ತಿ ಕೇಳುವುದು ಉಸಿರು ಬಿಡುವಾಗ ಅಲ್ವಾ? ಒಳಗೆ ಎಳೆಯುವಾಗ ಕೊರೆದ ಹಾಗೆ ಸದ್ದಾದರೆ ಅಡ್ಡಿ ಗಂಟಲ ಹತ್ತಿರವೇ ಇರಬೇಕು. ಇದಕ್ಕೆ ಮಿಷನ್ ಬೇಡ, ಕಿವಿ ಸಾಕು.

ಮೂಗಿನಿಂದ ಸ್ಕೋಪ್ ಇಳಿಸಿದೆ. ಧ್ವನಿತಂತುಗಳ ಕೆಳಗೆ, ಹಿಂಬದಿಯಲ್ಲಿ ಒಂದು ಉಬ್ಬು. ಎಡ ತಂತು ಅಲ್ಲಾಡುತ್ತಿರಲಿಲ್ಲ. ಆದರೆ ಉಬ್ಬಿನ ಮೇಲ್ಪದರ ಟೊಮೆಟೊ ಸಿಪ್ಪೆಯಂತೆ ನುಣ್ಣಗೆ. ಹುಣ್ಣಿಲ್ಲ, ರಕ್ತವಿಲ್ಲ. ನಾವು ದಿನಾ ನೋಡುವ ಬೀಡಿ ಸೇದುವವರ ಗಂಟಲ ಕ್ಯಾನ್ಸರ್ ಹೀಗಿರುವುದಿಲ್ಲ, ಹೂಕೋಸಿನ ತರ ಒಡೆದುಕೊಂಡಿರುತ್ತೆ. ಧ್ವನಿಪೆಟ್ಟಿಗೆಯ ಕ್ಯಾನ್ಸರುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಆ ಮೇಲ್ಪದರದಲ್ಲೇ ಹುಟ್ಟುವಂಥವು. ಕೆಳಗಿನ ಕಾರ್ಟಿಲೇಜು ಅನ್ನುವ ಮೆದುಮೂಳೆ, ಮೂಳೆ, ಸ್ನಾಯುಗಳಿಂದ ಹುಟ್ಟುವ ಸಾರ್ಕೋಮ ನೂರಕ್ಕೆ ಒಂದೂ ಇಲ್ಲ. ಹಾಗಾಗಿ ಕಣ್ಣು ಹುಡುಕುವುದೇ ಹುಣ್ಣನ್ನು.

ಉಬ್ಬಿನ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅಂತ ಬಯಾಪ್ಸಿಗೆ ಇಳಿದೆ. ಉಸಿರಿನ ದಾರಿ ಸಣ್ಣದಾಗಿತ್ತು, ಕತ್ತಿನಲ್ಲಿ ತೂತು ಮಾಡುವ ಸಾಮಾನು ಪಕ್ಕದಲ್ಲೇ ಇಟ್ಟುಕೊಂಡಿದ್ದೆವು. ಫೋರ್ಸೆಪ್ಸಿನಿಂದ ಹಿಡಿದರೆ ಜಾರಿತು. ಮತ್ತೆ ಹಿಡಿದೆ, ಎಳನೀರಿನ ಚಿಪ್ಪಿಗೆ ತಾಗಿದಂತೆ ಗಟ್ಟಿ. ಬಂದದ್ದು ಅಕ್ಕಿಕಾಳಿನಷ್ಟು ಚೂರು. ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಮಗ ಖುಷಿಗೆ ಒಂದು ಬಾಕ್ಸ್ ಟೊಮೆಟೊ ತಂದಿಟ್ಟು ಹೋದ. ನಾನು ಮೂರು ವಾರ ಸುಮ್ಮನಿದ್ದೆ. ಕೈಗೆ ತಾಗಿದ್ದನ್ನು ಬಿಟ್ಟು ಕಾಗದ ನಂಬಿದ್ದೆ.

ಲ್ಯಾಬಿನಲ್ಲಿ ಚೂರು ಪರೀಕ್ಷಿಸುವ ಪೆಥಾಲಜಿ ಮೇಡಂ ಬೇರೆ ಯಾವುದೋ ಕೇಸಿಗೆ ಫೋನ್ ಮಾಡಿದಾಗ ಇದನ್ನೂ ಎತ್ತಿದರು. "ನೀವು ಕಳ್ಸಿದ್ದು ಬರೀ ಸಿಪ್ಪೆ ಡಾಕ್ಟ್ರೇ, ತಿರುಳೆಲ್ಲಿ?"

ಅವತ್ತೇ ಸಿಟಿ ಸ್ಕ್ಯಾನಿಗೆ ಬರೆದೆ. ಬಯಾಪ್ಸಿಗೆ ಮೊದಲೇ ಮಾಡಿಸಬೇಕಿತ್ತು. ಧ್ವನಿಪೆಟ್ಟಿಗೆಯ ಬುಡದಲ್ಲಿ ಉಂಗುರದ ತರ ಕ್ರೈಕಾಯ್ಡ್ ಅಂತ ಕಾರ್ಟಿಲೇಜ್ ಇದೆ. ಕಿವಿ ಮಡಚಿದರೆ ಕೈಗೆ ಬಗ್ಗುತ್ತಲ್ಲ, ಅದೂ ಕಾರ್ಟಿಲೇಜೇ, ಇದು ಮಾತ್ರ ಇನ್ನೂ ಗಟ್ಟಿ. ಅದರ ಹಿಂಭಾಗ ಊದಿಕೊಂಡಿತ್ತು, ಒಳಗೆ ಸುಣ್ಣದ ಚುಕ್ಕಿಗಳು. ಪುಸ್ತಕದಲ್ಲಿ ಪಾಪ್‌ಕಾರ್ನ್ ಅಂತ ಬರೀತಾರೆ. ನನಗೆ ಕಡ್ಲೆಪುರಿ ಚೆಲ್ಲಿದಂತೆ ಕಂಡಿತು. ಧ್ವನಿಪೆಟ್ಟಿಗೆಯ ಸಾರ್ಕೋಮಗಳಲ್ಲಿ ಜಾಸ್ತಿ ಸಿಗುವುದು ಕಾಂಡ್ರೋಸಾರ್ಕೋಮ, ಅಂದರೆ ಕಾರ್ಟಿಲೇಜಿನಿಂದ ಹುಟ್ಟುವ ಕ್ಯಾನ್ಸರ್. ಅದು ಜಾಸ್ತಿ ಹುಟ್ಟುವುದೂ ಇದೇ ಜಾಗದಲ್ಲಿ, ಇಂಥ ವಯಸ್ಸಿನ ಗಂಡಸರಲ್ಲೇ.

ಎರಡನೇ ಸಲ ಮೇಲ್ಪದರ ಸೀಳಿ ಆಳಕ್ಕೆ ಹೋದೆ. ಬೇರೆ ಬೇರೆ ಕಡೆಯಿಂದ ಐದು ಚೂರು ತೆಗೆದು, ಸ್ಕ್ಯಾನಿನ ಫಿಲ್ಮ್ ಜೊತೆಗೇ ಲ್ಯಾಬಿಗೆ ಕಳಿಸಿದೆ. ಫಿಲ್ಮ್ ಯಾಕೆ ಅಂದರೆ, ಕಾರ್ಟಿಲೇಜಿನ ಸಾದಾ ಗಡ್ಡೆ ಕಾಂಡ್ರೋಮಕ್ಕೂ ಗ್ರೇಡ್ 1, ಅಂದರೆ ತೀರಾ ಕಡಿಮೆ ದರ್ಜೆಯ ಕಾಂಡ್ರೋಸಾರ್ಕೋಮಕ್ಕೂ ಸಣ್ಣ ಚೂರಿನಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಜೀವಕೋಶಗಳು ಎಷ್ಟು ಒತ್ತಾಗಿವೆ, ಒಂದೊಂದರಲ್ಲಿ ಎರಡೆರಡು ನ್ಯೂಕ್ಲಿಯಸ್ ಇವೆಯಾ, ಪಕ್ಕದ ಮೂಳೆಗೆ ನುಗ್ಗಿದೆಯಾ ಅಂತ ನೋಡಬೇಕು. ಗಟ್ಟಿ ಚೂರನ್ನು ಆಸಿಡ್‌ನಲ್ಲಿಟ್ಟು ಸುಣ್ಣ ಕರಗಿಸಿಯೇ ಕೊಯ್ಯಬೇಕು, ದಿನ ಹಿಡಿಯುತ್ತೆ. ಮಗ ದಿನಾ ಫೋನ್ ಮಾಡುತ್ತಿದ್ದ. ಈ ಸಲ ಬಾಕ್ಸ್ ಬರಲಿಲ್ಲ.

ಬಂದ ಉತ್ತರ, ಕಾಂಡ್ರೋಸಾರ್ಕೋಮ, ಗ್ರೇಡ್ 1. ನಿಧಾನಕ್ಕೆ ಬೆಳೆಯುವ ಜಾತಿ, ಬೇರೆ ಕಡೆ ಹರಡುವುದು ಅಪರೂಪ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದೆ. ಗಡ್ಡೆ ಮಾತ್ರ ತೆಗೆದು ಧ್ವನಿಪೆಟ್ಟಿಗೆ ಉಳಿಸೋಕಾಗುತ್ತಾ ಅಂತ ಅಲ್ಲಿ ನೋಡುತ್ತಾರೆ, ಉಳಿದರೂ ದನಿ ಮೊದಲಿನ ಹಾಗಿರಲ್ಲ ಅಂದೆ.

ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. "ಹಂಗಾದ್ರೆ ನಾಳೆಯಿಂದ ಕೂಗಕ್ಕೆ ಮಗನ್ನ ನಿಲ್ಲಿಸ್ಲಾ ಸಾರ್?"

"ನಿಲ್ಸಿ" ಅಂದೆ.